ತಾಲೀಮಿಲ್ಲದ ಪಾಠ

ನಮಂಗಾನ್ ಪಟ್ಟಣದ ನಮ್ಮ ಖಾಸಗಿ ವಿಶ್ವವಿದ್ಯಾಲಯದಲ್ಲಿ ನನ್ನ ಸಹೋದ್ಯೋಗಿ ಹೊಸಿಯತ್, ಎಲ್ಲರ ಬಾಯಲ್ಲೂ ಅಕ್ಕ, ಆಹಾರ ವಿಜ್ಞಾನದ ಉಪನ್ಯಾಸಕಿ. ಅವಳು ಓದಿ ಹೇಳಬೇಕು, ಮಕ್ಕಳು ಬರೆದುಕೊಳ್ಳಬೇಕು. ಮಧ್ಯೆ ಬಾಯಿ ಬಿಟ್ಟವರಿಗೆ ಕೆಂಗಣ್ಣು.

ಮೇಲಿನವರು ಬಂದು ಕೂರುವ 'ತೆರೆದ ಪಾಠ'ದ ದಿನ ಮಾತ್ರ ಮದುವೆಮನೆಯ ಸಡಗರ. ಯಾರು ಏನು ಕೇಳಬೇಕು, ಯಾರು ಥಟ್ಟನೆ ಉತ್ತರಿಸಬೇಕು, ಎಲ್ಲಕ್ಕೂ ಮೊದಲೇ ತಾಲೀಮು. ನಮ್ಮಲ್ಲಿ ಎಲ್ಲ ಮೇಷ್ಟ್ರುಗಳೂ ಮಾಡುವುದು ಅದನ್ನೇ.

ಈ ಸಲ ಹೊಸ ಉಪಕುಲಪತಿ ಬಹ್ರೊಮ್, ಪಾಠ ಹಿಡಿಸದಿದ್ದರೆ ಮುಂದಿನ ವರ್ಷ ಕೆಲಸವಿಲ್ಲ ಎಂದುಬಿಟ್ಟ. ಅಕ್ಕನ ಜೀವ ಬಾಯಿಗೆ ಬಂತು. "ಮನೇಲಿ ಕೂತು ಕಿಟಕಿ ಒರೆಸ್ಕೊಂಡು ಸಾಯ್ಲೇನೇ?" ಎಂದು ನನ್ನೆದುರು ಅತ್ತಳು. ತಾಲೀಮು ಇಮ್ಮಡಿಯಾಯಿತು.

ಆ ದಿನ ನಾನೂ ಹಿಂದಿನ ಬೆಂಚಿನಲ್ಲಿದ್ದೆ. ಬಹ್ರೊಮ್ ಬೇರೆಯದೇ ತರಗತಿಯ ಮಕ್ಕಳನ್ನು ಕರೆತಂದ. "ನಿಮ್ಮ ಮಕ್ಕಳು ಭಾರೀ ದಣಿದಿದಾರಂತೆ ಅಕ್ಕ, ಅವ್ರಿಗೆ ಇವತ್ತು ರಜಾ," ಎಂದು ಹಿಂದೆ ಹೋಗಿ ಕೂತ.

ಅಕ್ಕ ಬಿಳುಚಿಕೊಂಡಳು. ಹಿಟ್ಟಿನ ಹುದುಗು ಎಂದು ಶುರುಮಾಡಿ ಅಲ್ಲೇ ನಿಂತಳು. ಒಬ್ಬ ಹುಡುಗಿಗೆ ಪಾಪ ಅನ್ನಿಸಿರಬೇಕು. "ಅಕ್ಕ, ತಂದೂರಿಗೆ ಹಾಕೋ ಮುಂಚೆ ರೊಟ್ಟಿ ನಡುವೆ ಮುಳ್ಳುಗಳಿರೋ ಅಚ್ಚಲ್ಲಿ ಚುಚ್ತೀವಲ್ಲ, ಯಾಕೆ?" ಎಂದಳು.

ಅಕ್ಕನಿಗೆ ಉತ್ತರ ಗೊತ್ತಿತ್ತು. ಆದರೆ ಗಾಬರಿಯಲ್ಲಿ ಬಾಯಿಗೆ ಬಂದದ್ದು ಬೇರೆ: "ನಿಮ್ಮನೇಲಿ ಏನಂತಾರೆ?"

ತಗೋ, ಶುರುವಾಯಿತು!

"ಚಂದಕ್ಕೆ ಅಕ್ಕ!"

"ಚಂದವಂತೆ! ಚುಚ್ಚದಿದ್ರೆ ಪೂರಿ ಥರ ಉಬ್ಬಿ, ತಂದೂರಿನ ಗೋಡೆ ಬಿಟ್ಟು ಬೂದಿಗೆ ಬೀಳುತ್ತೆ."

"ನೀನ್ಯಾವಾಗ ರೊಟ್ಟಿ ಮಾಡಿದ್ದೆ, ತಿನ್ನೋಕಷ್ಟೇ ಲಾಯಕ್ಕು!"

"ಉಬ್ಬೋದು ಯಾಕೆ? ಒಳಗೆ ಏನಿದೆ?" ಅಕ್ಕ ಸೆರಗಿಗೆ ಬೆಂಕಿ ಬಿದ್ದವಳಂತೆ ಬೆಂಚುಗಳ ನಡುವೆ ಓಡಾಡತೊಡಗಿದಳು. ಒಬ್ಬ ಆವಿ ಎಂದ, ಒಬ್ಬಳು ಹುದುಗಿನ ಗಾಳಿ ಎಂದಳು. ಹಾಗಾದರೆ ಅಂಚು ಮಾತ್ರ ಉಬ್ಬುವುದೇಕೆ ಎಂದು ಮತ್ತೆ ಜಗಳ.

"ನಮ್ಮಜ್ಜಿ ಹೇಳೋರು, ಚುಚ್ಚದಿದ್ರೆ ರೊಟ್ಟಿಗೆ ಸೊಕ್ಕು ಬರುತ್ತೆ ಅಂತ," ಹಿಂದಿನಿಂದ ಯಾರೋ ಕೂಗಿದರು.

"ಕೈ ಎತ್ತಿ ಮಾತಾಡೋ!" ಅಕ್ಕ ತಿರುಗದೆಯೇ ಗದರಿದಳು. ಕೂಗಿದವನು ಬಹ್ರೊಮ್.

ಅವನು ಮೆಲ್ಲನೆ ಕೈ ಎತ್ತಿದ. ಮಕ್ಕಳು ಬೆಂಚು ಬಡಿದು ನಕ್ಕರು. ನನಗಂತೂ ಹೊಟ್ಟೆಕಿಚ್ಚು, ಸಂತೋಷ ಎರಡೂ ಆಯಿತು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಆಮೇಲೆ ಬಾಗಿಲಲ್ಲಿ ಅಕ್ಕ ಕೇಳಿದಳು: "ನನ್ನ ಗತಿ?"

"ನೀವು ಹೋದ್ರೆ ಮಿಕ್ಕ ಮೇಷ್ಟ್ರುಗಳು ಯಾರನ್ನ ನೋಡಿ ಕಲೀಬೇಕು? ಮುಂದಿನ ವಾರ ಎಲ್ರನ್ನೂ ನಿಮ್ಮ ತರಗತಿಗೆ ಕಳಿಸ್ತೀನಿ. ಯಾವ ಪಾಠ ಮಾಡ್ತೀರಿ?"

ಅಕ್ಕ ಕಣ್ಣೊರೆಸಿಕೊಂಡು ನಕ್ಕಳು. "ಮಕ್ಕಳು ಏನ್ ಕೇಳ್ತಾರೋ, ನಂಗೇನಪ್ಪ ಗೊತ್ತು!"