ಒನಕೆಯ ನೆರಳು ಮಾಯವಾದ ಮಧ್ಯಾಹ್ನ

ಮದುವೆಯಾಗಿ ರಾಮನಗರದಿಂದ ಪೆರಾಬೆಗೆ ಬಂದ ನಂತರದ ಮೊದಲ ಬೇಸಿಗೆ ಅದು. ಫೋನ್ ಮಾಡಿದಾಗಲೆಲ್ಲ ಅಮ್ಮನದು ಒಂದೇ ರಾಗ: "ಘಟ್ಟದ ಕೆಳಗೆ ಅಷ್ಟು ದೂರ ಕೊಟ್ಬಿಟ್ವಲ್ಲ ಕಣೇ." ಕೊನೆಗೆ ಅಳು. ಅದನ್ನು ನಿಲ್ಲಿಸುವುದು ಹೇಗೆಂದು ನನಗೆ ತಿಳಿಯುತ್ತಿರಲಿಲ್ಲ.

ನಾನು ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಒಮ್ಮೆ ಅಕ್ಷಾಂಶದ ಪಾಠ ಮಾಡುತ್ತ ಕರ್ನಾಟಕದ ನಕ್ಷೆಯಲ್ಲಿ ರಾಮನಗರಕ್ಕೆ ಸ್ಕೇಲಿಟ್ಟು ನೇರ ಪಶ್ಚಿಮಕ್ಕೆ ಗೆರೆ ಎಳೆದೆ. ಗೆರೆ ಬಂದು ಮುಟ್ಟಿದ್ದು ನಮ್ಮ ಕಡಬ ತಾಲೂಕಿಗೆ! ಭೂಮಿಯನ್ನು ಸುತ್ತುವ ಒಂದೇ ವೃತ್ತದ ಮೇಲೆ ಅಮ್ಮನೂ ನಾನೂ. ಅಂದರೆ ಏಪ್ರಿಲ್ ಕೊನೆಯಲ್ಲಿ ಸೂರ್ಯ ಇಬ್ಬರ ನೆತ್ತಿಗೂ ಒಂದೇ ದಿನ ಬರಬೇಕು, ನೆಟ್ಟಗೆ ನಿಂತದ್ದಕ್ಕೆ ನೆರಳೇ ಇರಬಾರದು.

ರಜೆಯ ಆ ದಿನ ಅಮ್ಮನಿಗೂ ಒನಕೆ ನಿಲ್ಲಿಸಲು ಹೇಳಿ ನಾನೂ ಅಂಗಳದಲ್ಲಿ ನಿಲ್ಲಿಸಿದೆ. ಒನಕೆ ನಿಲ್ಲಿಸಿ ನೋಡುವುದು ಗ್ರಹಣ ಹಿಡಿದಾಗ ಮಾತ್ರ. "ಇವತ್ತು ಗ್ರಹಣ ಉಂಟಾ? ಪಂಚಾಂಗದಲ್ಲಿ ಇಲ್ವಲ್ಲ!" ಎನ್ನುತ್ತ ಅತ್ತೆ, ಅನ್ನದ ಪಾತ್ರೆಗೆ ಹಾಕಲು ಗರಿಕೆ ಕಿತ್ತು ತಂದರು. ಆಚೆ ಮನೆಯ ಲಲಿತಕ್ಕ ಬೇಲಿಯಿಂದಲೇ, "ದೇವರೇ, ನಾನು ಊಟ ಮಾಡಿಯೂ ಆಯ್ತು ಮಾರಾಯ್ತಿ!" ಎಂದು ಬೊಬ್ಬೆ ಹಾಕಿದರು.

ಗ್ರಹಣವಲ್ಲ, ಇವತ್ತು ಒನಕೆಯ ನೆರಳು ಮಾಯವಾಗುತ್ತದೆ ಎಂದೆ. ಹನ್ನೆರಡಾದರೂ ಹೆಚ್ಚುಕಡಿಮೆ ಗೇಣುದ್ದದ ನೆರಳಿತ್ತು.

"ಎಂತ ಟೀಚರೇ, ನೆರಳು ಹೋಗುದಿಲ್ಲ ಅಂತದಲ್ಲ?" ಅತ್ತೆ ಚುಡಾಯಿಸಿದರು.

"ಗಡಿಯಾರದ ಹನ್ನೆರಡಕ್ಕಲ್ಲ ಅತ್ತೆ, ಸೂರ್ಯ ನೆತ್ತಿಗೆ ಬರುವಾಗ" ಎಂದೆ. ಇದೂ ಸುಳ್ಳಾದರೆ ಅಮ್ಮನಿಗೆ ಏನೆಂದು ಸಮಾಧಾನ ಹೇಳಲಿ?

ಸ್ವಲ್ಪ ಹೊತ್ತಿಗೆ ಫೋನ್ ಬಂತು. "ನೆರಳೇ ಇಲ್ಲ ಕಣೇ! ನಂದೂ ಕಾಲಡಿಗೆ ಸೇರ್ಕೊಂಡದೆ!" ಮದುವೆಯ ನಂತರ ಅಮ್ಮನ ಅಂಥ ದನಿ ಕೇಳಿಯೇ ಇರಲಿಲ್ಲ.

"ಫೋನ್ ಇಡಬೇಡಮ್ಮ. ಸೂರ್ಯ ಅದೇ ವೃತ್ತದ ಮೇಲೆ ಈಗ ಪಶ್ಚಿಮಕ್ಕೆ ಬರ್ತಿದ್ದಾನೆ. ಏಳೆಂಟು ನಿಮಿಷ, ಅಷ್ಟೇ."

ಅಷ್ಟರಲ್ಲಿ ಮೋಡವೊಂದು ಅಡ್ಡ ಬರಬೇಕೇ! ಅತ್ತೆ ಗರಿಕೆ ಹಿಡಿದುಕೊಂಡೇ ಮೋಡಕ್ಕೆ ಬೈದರು. ಮೋಡ ಸರಿಯಿತು. ಬೆರಳಷ್ಟಿದ್ದ ನೆರಳು ಉಗುರಷ್ಟಾಯಿತು, ಆಮೇಲೆ ಅದೂ ಇಲ್ಲ!

ಕಾದ ಅಂಗಳದಲ್ಲಿ ಬರಿಗಾಲಲ್ಲೇ ಕುಣಿದೆ. ಅತ್ತೆ ಫೋನ್ ಕಿತ್ತುಕೊಂಡು ಕೂಗಿದರು: "ನೀವು ಕಳಿಸಿದ ಸೂರ್ಯ ಇಲ್ಲಿಗೆ ಮುಟ್ಟಿದ ಮಾರಾಯ್ರೆ! ಏಳೆಂಟು ನಿಮಿಷದ ದಾರಿ. ಅದಕ್ಕೆ ನೀವು ಅಳುದಾ?"

ಆ ಕಡೆ ಅಮ್ಮ ಗಟ್ಟಿಯಾಗಿ ನಕ್ಕಳು. ನನಗೆ ಮಾತ್ರ ಕಣ್ಣು ತುಂಬಿತ್ತು.

'ದೂರ' ಎಂಬ ಮಾತನ್ನು ಅವಳು ಆಮೇಲೆ ಆಡಿದ್ದಿಲ್ಲ. ಈಗ ಪ್ರತಿ ಏಪ್ರಿಲಿನಲ್ಲೂ ಆ ಮಧ್ಯಾಹ್ನ ಅವಳದೇ ಫೋನ್ ಬರುತ್ತದೆ. ನಾನು ಅದೇ ಸಂಭ್ರಮದಲ್ಲಿ ಬಿಸಿಲಿಗೆ ಓಡುತ್ತೇನೆ.

"ಕಳಿಸಿದ್ದೀನಿ ಕಣೇ, ನೋಡ್ಕೋ."