ಎರಡನೆಯ ಲೋಸಲೀನೆ

ಪ್ರತಿ ಗುರುವಾರ ಬೆಳಿಗ್ಗೆ ನಾನು ನ್ಯೂಜಿಲೆಂಡಿನ ಮಾಂಗೆರೆಯಲ್ಲಿರುವ ನಮ್ಮ ಟೋಂಗಾ ಜನರ ಚರ್ಚಿನ ಹಾಲ್‌ನಲ್ಲಿ ಲ್ಯಾಪ್‌ಟಾಪ್ ತೆರೆದು ಕೂರುತ್ತೇನೆ. ಹುಟ್ಟೂರು ನೋಡಿ ಬರಲು ಟೋಂಗಾಕ್ಕೆ ಹೊರಟ ಮುದುಕ ಮುದುಕಿಯರೆಲ್ಲ ಪ್ರವಾಸದ ಆರೋಗ್ಯ ವಿಮೆಗೆ ನನ್ನ ಮೇಜಿನ ಮುಂದೆಯೇ ಸಾಲು ನಿಲ್ಲಬೇಕು. ಇಪ್ಪತ್ತಾರು ವರ್ಷ ಟಿಕೆಟ್ ಕಚೇರಿಯಲ್ಲಿ ಕೂತಿದ್ದವಳು ನಾನು. ಆ ಅರ್ಜಿಗಳ ಒಳಗುಟ್ಟೆಲ್ಲ ಗೊತ್ತು. ಸಕ್ಕರೆ ಕಾಯಿಲೆ ಮುಚ್ಚಿಡುವವರನ್ನು, ಕೆಮ್ಮುತ್ತಲೇ "ನನಗೇನೂ ಇಲ್ಲಮ್ಮ" ಎನ್ನುವವರನ್ನು ಗದರಿಸಿ ಇದ್ದದ್ದು ಇದ್ದಹಾಗೆ ಬರೆಸುತ್ತೇನೆ. ಈ ಮಕಲೇಸಿಯ ಮುಂದೆ ಸುಳ್ಳು ನಡೆಯುವುದಿಲ್ಲ ಎಂದು ಜನ ಗೊಣಗುವುದು ಕೇಳಿ ನನಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು. ಈಗ ಆ ಹೆಮ್ಮೆ ಅಷ್ಟಿಲ್ಲ.

ಲೋಸಲೀನೆ ಬಂದದ್ದು ಜುಲೈ ತಿಂಗಳ ಒಂದು ಗುರುವಾರ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತು ಚಿಲ್ಲರೆ ವರ್ಷ ಹಾಸಿಗೆ ಬಟ್ಟೆ ಮಡಚಿ ನಿವೃತ್ತಳಾದವಳು. ಇಲ್ಲಿಗೆ ಬಂದು ಐವತ್ತೆರಡು ವರ್ಷವಾದರೂ ಟೋಂಗಾದ ಪಾಸ್‌ಪೋರ್ಟ್ ಬಿಟ್ಟುಕೊಟ್ಟಿಲ್ಲ. ಕೈಗೆ ಏನು ಸಿಕ್ಕರೂ ಮಡಚುತ್ತಾಳೆ. ನಾನು ಕೊಟ್ಟ ಅರ್ಜಿಯ ಹಾಳೆಯನ್ನೂ ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡು ಕೂತಳು.

"ಸೈಮೋನೆಗೆ ಹುಷಾರಿಲ್ಲ" ಎಂದಳು.

ಸೈಮೋನೆ ಅವಳ ಒಬ್ಬನೇ ಸೋದರ, ಟೋಂಗಾದ ವವಾವು ದ್ವೀಪದಲ್ಲಿದ್ದ. ಎರಡೂ ಮೂತ್ರಪಿಂಡ ಕೆಟ್ಟುಹೋಗಿದ್ದವು. ರಕ್ತ ಶುದ್ಧಿ ಮಾಡುವ ಯಂತ್ರ ನಮ್ಮ ದ್ವೀಪಗಳಲ್ಲಿಲ್ಲ. ಬೇರೆ ದೇಶಕ್ಕೆ ಹೋಗಲು ಅವನು ಒಪ್ಪಲಿಲ್ಲ. ಹೆಚ್ಚೆಂದರೆ ಎರಡು ತಿಂಗಳು ಎಂದಿದ್ದರಂತೆ ಡಾಕ್ಟರು. ಈ ಸುದ್ದಿಯೂ ಅವನಿಂದ ಬಂದದ್ದಲ್ಲ. ಅವನ ಸೊಸೆ ಹೆಲೈನೆ ಫೋನ್ ಮಾಡಿ ಹೇಳಿದ್ದು. ಗಂಡಸಾದವನು ತನ್ನ ಮೈಯ ವಿಷಯವನ್ನು ಒಡಹುಟ್ಟಿದ ಹೆಣ್ಣಿನ ಹತ್ತಿರ ಎತ್ತುವ ಪದ್ಧತಿ ನಮ್ಮಲ್ಲಿಲ್ಲ.

"ಟಿಕೆಟ್ ಸೇನಿ ತೆಗೀತಾಳಂತೆ. ಆದ್ರೆ ಮೊದ್ಲು ಇನ್ಶೂರೆನ್ಸ್ ಕಾಗದ ತೋರ್ಸು ಅಂತ ಹಠ" ಎಂದಳು ಲೋಸಲೀನೆ. ಸೇನಿ ಅವಳ ಮಗಳು.

ಪಾಸ್‌ಪೋರ್ಟಿನಲ್ಲಿದ್ದ ಹುಟ್ಟಿದ ತಾರೀಖು ಒತ್ತುತ್ತಿದ್ದಂತೆ ಪರದೆಯ ಮೇಲೆ ಕೆಂಪು ಅಕ್ಷರ ಬಂದು ಅರ್ಜಿ ಅಲ್ಲೇ ನಿಂತಿತು. ಕಾಯಿಲೆಯಿದ್ದರೂ ಹೆಚ್ಚು ಹಣ ಕಟ್ಟಿಸಿಕೊಂಡು ಒಪ್ಪುವ ಆ ಕಂಪನಿ ಎಂಬತ್ತು ತುಂಬಿದವರನ್ನು ಮಾತ್ರ ಸೇರಿಸಿಕೊಳ್ಳುವುದಿಲ್ಲ. ಎಂಬತ್ತಾದವರನ್ನು ಸೇರಿಸಿಕೊಳ್ಳುವ ಇನ್ನೊಂದು ಕಂಪನಿಯಿತ್ತು. ಅದು ಎದೆಗೆ ಸ್ಟೆಂಟ್ ಹಾಕಿಸಿಕೊಂಡವರನ್ನು ಬೇಡವೆನ್ನುತ್ತಿತ್ತು. ಲೋಸಲೀನೆಯ ಎದೆಯಲ್ಲಿ ಎರಡಿದ್ದವು.

"ಆಗಲ್ಲ ಅಕ್ಕ. ಎಂಬತ್ತಾಯ್ತಲ್ಲ ನಿಮಗೆ."

ಅವಳು ಹಾಳೆಯನ್ನು ಬಿಚ್ಚಿ ಮತ್ತೆ ಮಡಚಿದಳು. "ನನಗೆ ಎಂಬತ್ತಾಗಿಲ್ಲ ಮಕಲೇಸಿ. ಎಪ್ಪತ್ತಾರು."

"ಹೋದ ತಿಂಗಳು ಇದೇ ಹಾಲ್‌ನಲ್ಲಿ ಎಂಬತ್ತರ ಕೇಕ್ ಕತ್ತರಿಸಿದ್ದು ಯಾರು ಹಾಗಾದ್ರೆ, ನಿಮ್ಮ ಭೂತಾನಾ?"

"ಅದು ನಮ್ಮಕ್ಕನ ಹುಟ್ಟಿದಹಬ್ಬ" ಎಂದಳು.

ಆಮೇಲೆ ಹೇಳಿದಳು. ಅವಳ ಅಪ್ಪ ಅಮ್ಮನಿಗೆ ೧೯೪೪ರಲ್ಲಿ ಮೊದಲ ಹೆಣ್ಣು ಮಗು. ಹೆಸರಿಡುವ ಹಕ್ಕು ಅಪ್ಪನ ಅಕ್ಕನದು. ಅವಳು ತನ್ನದೇ ಹೆಸರು ಕೊಟ್ಟಳು, ಲೋಸಲೀನೆ. ಎರಡು ವರ್ಷಕ್ಕೆ ಸೈಮೋನೆ ಹುಟ್ಟಿದ. ಅದರ ಮರುವರ್ಷ ಹುಡುಗಿ ಜ್ವರ ಬಂದು ತೀರಿಕೊಂಡಳು. ಮುಂದಿನ ವರ್ಷ, ದೀವಿಹಲಸು ಹಣ್ಣಾಗುವ ಕಾಲಕ್ಕೆ, ಇನ್ನೊಂದು ಹೆಣ್ಣು. "ನನ್ನ ಹೆಸರು ಮಣ್ಣಿಗೆ ಹೋಗಕೂಡದು" ಎಂದು ಅದೇ ಅತ್ತೆ ಅದೇ ಹೆಸರು ಇಟ್ಟಳು. ಈ ಮಗುವನ್ನು ಯಾರೂ ಕಚೇರಿಯ ಪುಸ್ತಕದಲ್ಲಿ ಬರೆಸಲಿಲ್ಲ. ಇಪ್ಪತ್ತನಾಲ್ಕನೆಯ ವಯಸ್ಸಿಗೆ ನ್ಯೂಜಿಲೆಂಡಿಗೆ ಹೊರಟಾಗ ಹುಟ್ಟಿದ ಪತ್ರ ಬೇಕಾಯಿತು. ಅಪ್ಪ ಪೇಟೆಗೆ ಹೋಗಿ ವಿಚಾರಿಸಿದರೆ ಪುಸ್ತಕದಲ್ಲಿ ಲೋಸಲೀನೆ ಎಂದಿದೆ; ತಂದೆ ತಾಯಿಯ ಹೆಸರೂ ಸರಿಯಾಗಿದೆ. ಹೆಸರು ಆಗಲೇ ಬರೆದಿರುವಾಗ ಇನ್ನೊಮ್ಮೆ ಬರೆಸುವುದೇಕೆ ಎಂದುಕೊಂಡು, ಸತ್ತ ಮಗಳ ಪತ್ರವನ್ನು ಜೇಬಿಗಿಟ್ಟುಕೊಂಡು, ಅರ್ಧ ದಿನದ ಕೆಲಸ ಉಳಿಯಿತೆಂದು ಖುಷಿಯಲ್ಲಿ ಮನೆಗೆ ಬಂದ.

ನನಗೆ ಮೊದಲು ಹೊಳೆದದ್ದೇ ಬೇರೆ. ನನಗಾಗ ಎಪ್ಪತ್ತೆಂಟು.

"ಮೂವತ್ತು ವರ್ಷದಿಂದ ನಿನ್ನನ್ನ ಅಕ್ಕ ಅಕ್ಕ ಅಂತ ಕರೆದು, ಪ್ರತಿ ಊಟದಲ್ಲೂ ಮೊದಲ ತಟ್ಟೆ ನಿನಗೆ ಕೊಟ್ಟಿದ್ದೀನಲ್ಲೇ! ಹಂದಿಯ ಒಳ್ಳೆ ತುಂಡೆಲ್ಲ ನಿನ್ನ ಹೊಟ್ಟೆಗೆ ಹೋಯ್ತಲ್ಲೇ ಕಳ್ಳಿ!"

ಅವಳಿಗೂ ನಗು ಬಂತು. "ನನಗೆ ಪ್ರತಿಸಲ ಗಂಟಲಲ್ಲಿ ಸಿಕ್ಕಿಕೊಳ್ತಿತ್ತು ಕಣೆ."

"ಸಿಕ್ಕಿಕೊಂಡಿದ್ದು ಕಾಣ್ಲಿಲ್ಲ. ಪಿಂಚಣಿ ನಾಲ್ಕು ವರ್ಷ ಮೊದ್ಲೇ ಬಂತಲ್ಲ, ಆಗ್ಲೂ ಬಾಯಿ ಬಿಡ್ಲಿಲ್ಲ."

"ಬೆನ್ನು ಬಿದ್ದುಹೋಗಿತ್ತು ಮಕಲೇಸಿ, ಒದ್ದೆ ಬಟ್ಟೆ ಎತ್ತಿ ಎತ್ತಿ. ಅಕ್ಕ ಕೊಟ್ಟಳು ಅಂದ್ಕೊಂಡು ತಗೊಂಡೆ." ನಗು ನಿಂತಿತು. "ಈಗ ಅವಳೇ ಬಾಗಿಲಿಗೆ ಅಡ್ಡ ನಿಂತಿದ್ದಾಳೆ ನೋಡು. ನಂಗೆ ಇನ್ಶೂರೆನ್ಸ್ ಬೇಡ, ಹಾಗೇ ಹೋಗ್ಬಿಡ್ತೀನಿ. ನೀನು ಸೇನಿಗೆ ಒಂದು ಮಾತು ಹೇಳು. ನೀನು ಹೇಳಿದ್ರೆ ಕೇಳ್ತಾಳೆ."

ಇದು ಸತ್ಯ. ನಾನು ಹೇಳಿದ್ದರೆ ಸೇನಿ ಕೇಳುತ್ತಿದ್ದಳು. ನಾನು ಹೇಳಲಿಲ್ಲ. ನನಗೆ ಆಗ ಉತ್ಸಾಹ ಬಂದುಬಿಟ್ಟಿತ್ತು: ಐವತ್ತೆರಡು ವರ್ಷದ ತಪ್ಪನ್ನು ತಿದ್ದಿಸಿ, ನಿಜವಾದ ವಯಸ್ಸಿನ ಮೇಲೆ ವಿಮೆ ಮಾಡಿಸಿ, ಇವಳನ್ನು ಮರ್ಯಾದೆಯಿಂದ ಕಳಿಸಬೇಕು ಎಂದು. ಪಿಂಚಣಿಯವರು ಏನಾದರೂ ಕೇಳಿದರೆ ನಾನೇ ಬಂದು ಮಾತಾಡುತ್ತೇನೆ ಎಂದೂ ಜಂಬ ಕೊಚ್ಚಿದೆ.

ಸಂಜೆ ಸೇನಿಯ ಅಡುಗೆಮನೆಯಲ್ಲಿ ಮೂವರೂ ಕೂತೆವು. ಸೇನಿ ಆಸ್ಪತ್ರೆಯ ನರ್ಸು, ಮಾತು ಚುರುಕು.

"ಚಿಕ್ಕಮ್ಮ, ನನ್ನ ಗಂಡನ ಅಪ್ಪನ ಕಥೆ ನಿಮಗೆ ಗೊತ್ತಿಲ್ವಾ? ಏನೂ ಆಗಲ್ಲ ಅಂತ ಇನ್ಶೂರೆನ್ಸ್ ಇಲ್ದೆ ಟೋಂಗಾಕ್ಕೆ ಹೋದ್ರು. ಪಾರ್ಶ್ವವಾಯು ಹೊಡೀತು. ರೋಗಿಗಳ ವಿಮಾನ ತರ್ಸೋಕೆ ಇಡೀ ಮನೆತನ ಕೈಯೊಡ್ಡಬೇಕಾಯ್ತು. ವಿಮಾನ ಬರೋಷ್ಟರಲ್ಲಿ ಅವರೇ ಇರ್ಲಿಲ್ಲ. ಅಮ್ಮನ ಎದೆ ಹೇಗಿದೆ ಅಂತ ನನಗೆ ಗೊತ್ತು. ಇನ್ಶೂರೆನ್ಸ್ ಇಲ್ದೆ ನಾನು ಕಳ್ಸಲ್ಲ."

"ಅವನು ನನ್ನ ದಾರಿ ನೋಡ್ತಿದಾನೆ ಮಗಳೇ."

"ನಾನು ಬೇಡ ಅಂತಿದೀನಾ? ಕಾಗದ ಸರಿ ಮಾಡ್ಸಿಕೊಂಡು ಹೋಗು ಅಂತಿದೀನಿ. ಅಲ್ವಾ ಚಿಕ್ಕಮ್ಮ?"

ಹೌದು ಎಂದೆ.

ವಿಚಾರಿಸಿದಾಗ ತಿಳಿದದ್ದು ಇಷ್ಟು: ಹುಟ್ಟಿದ ದಾಖಲೆ ತಿದ್ದಬೇಕಾದರೆ, ಹುಟ್ಟನ್ನು ಬಲ್ಲ ಮನೆತನದ ಹಿರಿಯರೊಬ್ಬರು ಅಲ್ಲಿನ ಕಚೇರಿಗೆ ಬಂದು ಪ್ರಮಾಣ ಮಾಡಿ ಸಹಿ ಹಾಕಬೇಕು. ಅಪ್ಪ, ಅಮ್ಮ, ಅತ್ತೆಯರು ಎಲ್ಲ ಹೋಗಿದ್ದರು. ಬಲ್ಲವನು ಒಬ್ಬನೇ ಉಳಿದಿದ್ದ, ಸೈಮೋನೆ.

ಮೊದಲು ಒಂದು ಕಾಗದ ಬರೆದುಕೊಡಲಿ, ಕಚೇರಿಯವರು ಅದನ್ನು ನೋಡಿ ಹೇಳಲಿ ಎಂದು ಹೆಲೈನೆಗೆ ತಿಳಿಸಿದೆವು. ನಾಲ್ಕು ದಿನದ ಮೇಲೆ ಫೋನಿನಲ್ಲಿ ಕಾಗದದ ಚಿತ್ರ ಬಂತು. ದಪ್ಪ ದಪ್ಪ ಅಕ್ಷರದಲ್ಲಿ ಮೂರು ಸಾಲು: "ಲೋಸಲೀನೆ ನನ್ನ ತುಓಫೆಫಿನೆ. ಒಳ್ಳೆಯವಳು. ಅವಳನ್ನು ಕಳಿಸಿಕೊಡಿ."

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ನಮ್ಮ ಮಾತಿನಲ್ಲಿ ಗಂಡಸಿಗೆ ಅಕ್ಕನೂ ತುಓಫೆಫಿನೆ, ತಂಗಿಯೂ ತುಓಫೆಫಿನೆ. ನಾಲ್ಕು ವರ್ಷದ ಗಂಟು ಬಿಡಿಸಬೇಕಾದ ಕಾಗದದಲ್ಲಿ ಅವನು ಹಿರಿಯಳೆಂದೂ ಬರೆದಿರಲಿಲ್ಲ, ಕಿರಿಯಳೆಂದೂ ಬರೆದಿರಲಿಲ್ಲ. ಕಚೇರಿಯವರು ಇದು ಸಾಲದು ಎಂದರು. ಯಾರಾದರೂ ಅದನ್ನೇ ಹೇಳುತ್ತಿದ್ದರು.

ಲೋಸಲೀನೆ ಅವನಿಗೆ ಫೋನ್ ಮಾಡಲು ಒಪ್ಪಲಿಲ್ಲ. "ನಾನು ಹುಟ್ಟಿದ್ದು ಹೇಗೆ ಅಂತ ಅವನ ಬಾಯಿಂದ ಕೇಳೋದಾ? ಸಾಯೋಕೆ ಮೊದ್ಲೇ ಸತ್ತುಹೋಗ್ತಾನೆ." ಕೊನೆಗೆ ನಾನೇ ಮಾಡಿದೆ. ನಾನು ಅವರಿಗೆ ನೆಂಟಳಲ್ಲ, ಪಕ್ಕದ ಹಳ್ಳಿಯವಳು. ನನ್ನ ಹತ್ತಿರ ಮಾತಾಡಲು ಅಡ್ಡಿಯಿರಲಿಲ್ಲ.

"ಸೈಮೋನೆಯವರೇ, ನಿಮಗಿಂತ ಚಿಕ್ಕವಳು ಅಂತ ಹೇಳ್ಬೇಕು. ಮೊದಲ ಮಗು ಹೋಗಿದ್ದು, ಆಮೇಲೆ ಇವಳು ಹುಟ್ಟಿದ್ದು, ಎಲ್ಲಾ ಬಿಡಿಸಿ ಹೇಳ್ಬೇಕು."

"ಹೆರಿಗೆ ಮಾತು ನಾನು ಹೇಗಮ್ಮ ಆಡ್ಲಿ, ಅದೂ ಅವಳ ವಿಷಯದಲ್ಲಿ? ಚೆನ್ನಾಗಿರಲ್ಲ." ದನಿ ತೆಳ್ಳಗಾಗಿತ್ತು, ಎರಡು ಮಾತಿಗೊಮ್ಮೆ ಉಸಿರು ತೆಗೆಯುತ್ತಿದ್ದ.

"ಕಚೇರಿಯವರ ಹತ್ತಿರ ಆಡಿ. ಅವಳ ಮುಂದೆ ಅಲ್ವಲ್ಲ."

"ಕಾಲು ಊದಿಕೊಂಡಿದೆ. ಬಾಗಿಲ ತನಕ ಹೋಗೋಕೆ ಇಬ್ಬರು ಹಿಡೀಬೇಕು. ಆ ಕಾಗದ ಆದ್ರೆ ಅವಳು ಬರೋದು ಖಂಡಿತಾನಾ?"

"ಖಂಡಿತ ಬರ್ತಾಳೆ" ಎಂದೆ.

"ಹಾಗಾದ್ರೆ ಹೋಗ್ತೀನಿ."

ಲಾರಿಯ ಹಿಂದೆ ಹಾಸಿಗೆ ಹಾಸಿ ಅವನನ್ನು ಪೇಟೆಗೆ ಕರೆದೊಯ್ದರು. ಮುಕ್ಕಾಲು ಗಂಟೆಯ ದಾರಿ. ಮಧ್ಯಾಹ್ನ ಹೆಲೈನೆ ಫೋನ್ ಮಾಡಿ, ಸಹಿ ಹಾಕದೆ ವಾಪಸ್ ಬಂದೆವು ಎಂದಳು. ಮೇಜಿನ ಹಿಂದೆ ಕೂತಿದ್ದ ಹೆಂಗಸು ಅವನ ಅಪ್ಪನ ಚಿಕ್ಕಪ್ಪನ ಮೊಮ್ಮಗಳಂತೆ. ಸಂಬಂಧದಲ್ಲಿ ಅವಳೂ ಒಡಹುಟ್ಟಿದವಳ ಲೆಕ್ಕ. ಅವಳೆದುರು ಹೆರಿಗೆಯ ಮಾತಾಡುವುದು ಹೇಗೆ? ಹವಾಮಾನ ವಿಚಾರಿಸಿ, ಅವಳ ಮಕ್ಕಳ ಕ್ಷೇಮ ಕೇಳಿ, ಸೈಮೋನೆ ಎದ್ದು ಬಂದುಬಿಟ್ಟ.

"ಸಾಯೋ ಹೊತ್ತಲ್ಲೂ ಈ ಮರ್ಯಾದೆ ಬಿಡಲ್ವಲ್ಲ ನಿಮ್ಮಣ್ಣ!" ಎಂದು ನಾನು ಲೋಸಲೀನೆಯ ಮೇಲೆ ರೇಗಿದೆ.

ಅವಳು ಬೇಸರಪಟ್ಟುಕೊಳ್ಳಲಿಲ್ಲ. "ಅವನು ಹಾಗೇನೇ" ಎಂದಳು. ಆ ದನಿಯಲ್ಲಿ ಹೆಮ್ಮೆಯಿತ್ತು.

ಮರುವಾರ, ಗಂಡಸು ಗುಮಾಸ್ತ ಇರುವ ದಿನ ವಿಚಾರಿಸಿಕೊಂಡು, ಅವನನ್ನು ಮತ್ತೆ ಹಾಸಿಗೆಯ ಮೇಲೆ ಮಲಗಿಸಿ ಕರೆದೊಯ್ದರು. ಮಂಗಳವಾರ ಸಹಿಯಾಯಿತು. ಆ ಕಾಗದ ಹಡಗಿನಲ್ಲಿ ರಾಜಧಾನಿಗೆ ಹೋಗಿ, ದೊಡ್ಡ ಪುಸ್ತಕದಲ್ಲಿ ತಿದ್ದುಪಡಿಯಾಗಿ, ಆಮೇಲೆ ಪಾಸ್‌ಪೋರ್ಟ್ ಬದಲಾಗಬೇಕಿತ್ತು. ಮೂರು ವಾರ ಹಿಡಿಯಬಹುದು ಎಂದರು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಲೋಸಲೀನೆಗೆ ತೋರಿಸಿದೆ. ಅವಳು ಅವನಿಗೆಂದು ಕೊಂಡಿದ್ದ ಎರಡು ಅಂಗಿಗಳನ್ನು ಆಗಲೇ ಮಡಚಿ ಪೆಟ್ಟಿಗೆಯಲ್ಲಿಟ್ಟಿದ್ದಳು.

ಶುಕ್ರವಾರ ಬೆಳಿಗ್ಗೆ ಸೈಮೋನೆ ತೀರಿಕೊಂಡ. ಪೇಟೆಯಿಂದ ಬಂದ ಮೇಲೆ ಹಾಸಿಗೆಯಿಂದ ಏಳಲೇ ಇಲ್ಲವಂತೆ.

ನಾನು ಓಡಿಹೋದಾಗ ಸೇನಿ ಅಡುಗೆಮನೆಯ ಮೇಜಿನ ಮೇಲೆ ಫೋನಿಟ್ಟುಕೊಂಡು ಟಿಕೆಟ್ ತೆಗೆಯುತ್ತಿದ್ದಳು. ತಾಯಿಗೆ, ತನಗೆ, ನನಗೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಅಭ್ಯಾಸಬಲದಿಂದ ನನ್ನ ಬಾಯಿಂದ ಹೊರಟುಹೋಯಿತು, "ಇನ್ಶೂರೆನ್ಸ್ ಏನ್ಮಾಡ್ದೆ ಸೇನಿ?"

"ಸಾವಿಗೆ ಹೋಗ್ತಿದ್ದೀವಿ ಚಿಕ್ಕಮ್ಮ. ಈಗ ಅದನ್ನೆಲ್ಲ ಯಾರು ನೋಡ್ತಾರೆ?"

ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದು ಅವಳಿಗೇ ಕೇಳಿಸಿತು. ನೆಲಕ್ಕೆ ಕುಸಿದು ಕೂತು, ಮಗುವಾಗಿದ್ದಾಗಲೂ ಹಾಗೆ ಅತ್ತಿರಲಿಕ್ಕಿಲ್ಲ, ಅಷ್ಟು ಅತ್ತಳು. ಲೋಸಲೀನೆ ಮಗಳ ತಲೆ ಸವರಿದಳು. ಒಂದು ಸಲ ನನ್ನ ಕಡೆ ನೋಡಿದ್ದರೆ, ಬೈದಿದ್ದರೆ, ನನಗೆ ಸಮಾಧಾನವಾಗುತ್ತಿತ್ತು. ನೋಡಲೂ ಇಲ್ಲ.

ವವಾವು ತಲುಪಿದಾಗ ಮನೆಯ ಮುಂದೆ ಚಪ್ಪರ ಎದ್ದಿತ್ತು, ಹಾಡು ನಡೆದಿತ್ತು. ಸಾವಿನ ಮನೆಯ ರೂಢಿಯಂತೆ ಸೊಂಟಕ್ಕೆ ಚಾಪೆ ಸುತ್ತಿದ ಜನ ದಾರಿ ಬಿಟ್ಟರು. ತೀರಿಕೊಂಡವನ ತಲೆಯ ಹತ್ತಿರ ಕೂರುವ ಜಾಗ ಒಡಹುಟ್ಟಿದವಳದು; ಅದನ್ನು ಖಾಲಿ ಬಿಟ್ಟು ಕಾದಿದ್ದರು. ಲೋಸಲೀನೆ ನೇರ ಹೋಗಿ ಅಲ್ಲಿ ಕೂತಳು. ನಾನು ಹೊರಗಿನವಳು, ಹಿಂದಿನ ಅಡುಗೆ ಚಪ್ಪರಕ್ಕೆ ಹೋಗಿ ಗೆಣಸು ಕೆರೆಯಲು ಕೂತೆ.

ಪಕ್ಕದಲ್ಲಿ ಹೆಲೈನೆ ಕೆಸುವಿನೆಲೆ ಸುತ್ತುತ್ತಿದ್ದಳು. ಆ ಮಂಗಳವಾರದ ವಿಷಯ ಅವಳೇ ತೆಗೆದಳು.

"ಇವಳೇ ಚಿಕ್ಕವಳು ಅನ್ನೋದಕ್ಕೆ ಏನು ಆಧಾರ ಅಂತ ಗುಮಾಸ್ತ ಕೇಳ್ದ. ಮಾವ ಅಂಗಿ ಬಿಚ್ಚಿ ಹೆಗಲು ತೋರ್ಸಿದ್ರು. ಎಡಗಡೆ ಹೆಗಲು ಇಳಿದಿದೆ ನೋಡಪ್ಪ, ಅಮ್ಮ ತೋಟಕ್ಕೆ ಹೋದಾಗೆಲ್ಲ ಇವಳನ್ನ ಹೊತ್ಕೊಂಡು ತಿರುಗಿದವನು ನಾನು, ದೊಡ್ಡವಳಾಗಿದ್ರೆ ಅವಳು ನನ್ನ ಹೊರ್ತಿದ್ಳು ಅಂದ್ರು. ಗುಮಾಸ್ತ ನಕ್ಕ, ಅದನ್ನೂ ಬರ್ಕೊಂಡ. ವಾಪಸ್ ಬರ್ತಾ ದಾರಿಯೆಲ್ಲ ಖುಷಿಯಾಗಿದ್ರು ಆಂಟಿ. ಇನ್ನು ಬರ್ತಾಳೆ, ಇನ್ನು ಬರ್ತಾಳೆ ಅಂತಿದ್ರು."

ನನಗೆ ಅಲ್ಲಿ ಕೂರಲಾಗಲಿಲ್ಲ. ಬೆಂದ ಗೆಣಸಿನ ಬುಟ್ಟಿ ಎತ್ತಿಕೊಂಡು ಮನೆಯೊಳಕ್ಕೆ ಹೊರಟೆ.

ಹಾಡು ಒಂದು ಮುಗಿದು ಇನ್ನೊಂದು ಶುರುವಾಗಿರಲಿಲ್ಲ. ಲೋಸಲೀನೆ ಅವನ ಹಣೆಯ ಮೇಲೆ ಕೈಯಿಟ್ಟಿದ್ದಳು. ದೊಡ್ಡವರಾದ ಮೇಲೆ ಅವರಿಬ್ಬರು ಒಬ್ಬರನ್ನೊಬ್ಬರು ಮುಟ್ಟಿರಲಿಲ್ಲ, ಒಂದು ಕೋಣೆಯಲ್ಲಿ ಒಟ್ಟಿಗೆ ಕೂತಿರಲಿಲ್ಲ, ನಮ್ಮಲ್ಲಿ ಹಾಗೆಯೇ. ಈಗ ಅವಳು ಅವನ ಕೆನ್ನೆ, ಕಿವಿ, ಗಲ್ಲ ಎಲ್ಲವನ್ನೂ ಬೆರಳಿಂದ ನಿಧಾನವಾಗಿ ಸವರುತ್ತಿದ್ದಳು. ಆಮೇಲೆ ಬಗ್ಗಿ ಅವನ ಕಿವಿಯ ಹತ್ತಿರ ಬಾಯಿ ತಂದಳು.

"ಕಾಗದ ಇನ್ನೂ ಬಂದಿಲ್ಲ ಅಣ್ಣ. ಇಲ್ದೆ ಬಂದೆ. ನಂಗೇನೂ ಆಗ್ಲಿಲ್ಲ" ಎಂದಳು. ಅವನಿಗೆ ಹೊದಿಸಿದ್ದ ಬಟ್ಟೆಯ ಅಂಚನ್ನು ಮಡಚಿದಳು. "ಮೊದ್ಲೇ ಹೀಗೆ ಬಂದ್ಬಿಡಬಹುದಿತ್ತು."

ಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತಿದ್ದ ನನಗೆ ಅದು ಕೇಳಿಸಿತು. ನನಗೆ ಕೇಳಿಸಲೆಂದು ಅವಳು ಹೇಳಿದ್ದಲ್ಲ.