ಹೊಸ್ತಿಲಾಚೆಯ ಚಪ್ಪಲಿಗಳು

2022ರ ಯುಗಾದಿ, ಶನಿವಾರ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನಾನು ಫೋರ್ಟ್ ಮಿಲ್ ಎಂಬ ಊರಿನಲ್ಲಿ, ಸ್ನೇಹಿತ ಪ್ರಸನ್ನನ ಮನೆಯ ಮೆಟ್ಟಿಲ ಮೇಲೆ ನಿಂತಿದ್ದೆ. ಆಗ ನಾನು ವಾಷಿಂಗ್ಟನ್ನಿನ ಸಣ್ಣ ಸಂಸ್ಥೆಯೊಂದಕ್ಕೆ ಡಿಜಿಟಲ್ ಸೆಕ್ಯುರಿಟಿ ಅನಲಿಸ್ಟ್, ಮನೆಯಿಂದಲೇ ಕೆಲಸ. ಸರ್ಕಾರವನ್ನು ಟೀಕಿಸಿದರೆ ಜೈಲಿಗೆ ಹಾಕುವ ದೇಶಗಳಿಂದ ಜನ ಗುಟ್ಟಾಗಿ ಕಳಿಸುವ ವಿಡಿಯೋಗಳಲ್ಲಿ ಯಾರ ಗುರುತೂ ಉಳಿಯದಂತೆ ನೋಡಿಕೊಳ್ಳುವುದು ನನ್ನ ಹೊಣೆ. ಮುಖ ಮಸುಕಾಗಿಸುತ್ತಿದ್ದೆ, ದನಿ ಬದಲಿಸುತ್ತಿದ್ದೆ, ಮೆಟಾಡೇಟಾ, ಅಂದರೆ ಫೈಲಿನೊಳಗೆ ಅಡಗಿರುವ ಸ್ಥಳ ಮತ್ತು ಸಮಯದ ವಿವರ, ಅಳಿಸುತ್ತಿದ್ದೆ.

ಹಿಂದಿನ ದಿನ ಅಂಥದೊಂದು ವಿಡಿಯೋ ಮುಗಿಸಿದ್ದೆ. ಒಂದು ಮನೆಯಲ್ಲಿ ಕೆಲವರು ಕೂತು, ಬಂಧಿತ ವಿದ್ಯಾರ್ಥಿಗಳ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾರೆ. ವಾಷಿಂಗ್ಟನ್ ಬಳಿಯ ಗೈದರ್ಸ್‌ಬರ್ಗ್‌ನಲ್ಲಿದ್ದ ನನ್ನ ಸಹೋದ್ಯೋಗಿ ನೂರ್ ಅದನ್ನು ಯುಗಾದಿಯ ದಿನ ಮಧ್ಯಾಹ್ನ ಪ್ರಕಟಿಸಬೇಕಿತ್ತು. ಆ ವಿಡಿಯೋ ಬಂದದ್ದು ಅವಳದೇ ದೇಶದಿಂದ.

ಪೈನ್ ಮರಗಳ ಪರಾಗ ಉದುರುವ ಕಾಲ. ಕಾರು, ರಸ್ತೆ, ಮೆಟ್ಟಿಲು, ಎಲ್ಲದರ ಮೇಲೂ ತೆಳು ಹಳದಿ ಪುಡಿ, ಬಿಸಿಲೇ ಹಿಟ್ಟಾಗಿ ಇಳಿದಂತೆ. ಒಳಗಿನ ಮಾತುಗಳು ನೀರಿನಡಿಯಿಂದ ಬಂದ ಹಾಗೆ ಕೇಳುತ್ತಿದ್ದವು.

“ಶ್ಯಾಮಲಾ ಆಂಟಿ ಆಗ್ಲೇ ಬಂದ್ಬಿಟ್ಟಿದಾರೆ,” ಎಂದಳು ಹೆಂಡತಿ ವೀಣಾ.

“ಅವರ ಕಾರೇ ಇಲ್ವಲ್ಲ?”

“ಚಪ್ಪಲಿ ಇದೆಯಲ್ರೀ. ದಿನಾ ಸ್ಕ್ರೀನ್ ನೋಡೀ ನೋಡೀ ನಿಮಗೆ ಕಣ್ಣೆದುರಿಗಿರೋದೇ ಕಾಣಲ್ಲ.”

ಬಾಗಿಲ ಪಕ್ಕದ ಸಾಲನ್ನು ನೋಡಿದೆ. ಆ ವಿಡಿಯೋದ ಮೊದಲ ಕ್ಷಣಗಳು ನಿಧಾನವಾಗಿ ಕಣ್ಣೊಳಗೆ ತೇಲಿಬಂದವು. ಕ್ಯಾಮೆರಾ ಬಾಗಿಲು ದಾಟಿ ಒಳಗೆ ಹೋಗುತ್ತದೆ. ಹೊಸ್ತಿಲಾಚೆ ಕಳಚಿಟ್ಟ ಪಾದರಕ್ಷೆಗಳು. ಹುಟ್ಟಿದಾಗಿನಿಂದ ಕಂಡ ನೋಟ. ಅದಕ್ಕೇ ನನ್ನ ಕಣ್ಣು ಅಲ್ಲಿ ನಿಂತಿರಲಿಲ್ಲ.

ಮೆಟ್ಟಿಲ ಮೇಲಿಂದಲೇ ಫೋನ್ ಮಾಡಿದೆ. ನೂರ್ ಜೊತೆ ನನ್ನ ಮಾತೆಲ್ಲ ಇಂಗ್ಲಿಷಿನಲ್ಲಿ. ಅಪ್‌ಲೋಡ್ ಮಾಡಬೇಡ, ಶುರುವಿನಲ್ಲಿ ಬಾಗಿಲ ಹೊರಗೆ ನೋಡು ಎಂದೆ.

ಅವಳು ವಿಡಿಯೋ ತೆರೆದು ಆ ಭಾಗ ನೋಡಿದಳು. ಆಮೇಲೆ, “ಹಸಿರು ಲೇಸಿನ ಶೂ ನನ್ನ ತಂಗಿಯದು,” ಎಂದಳು. “ಆ ಲೇಸು ನಾನೇ ಇಲ್ಲಿಂದ ಕಳಿಸಿದ್ದು. ಇಡೀ ಕಾಲೇಜಿಗೆ ಗೊತ್ತು.”

ಆ ತುಣುಕನ್ನು ಕತ್ತರಿಸಿದೆವು. ವಿಡಿಯೋ ಸಂಜೆ ಹೊರಬಂತು. ಕೆಲವು ದಿನಗಳ ನಂತರ ಪೊಲೀಸರು ಆ ಕಾಲೇಜಿನವರನ್ನು ಕರೆಸಿ, ವಿಡಿಯೋದಲ್ಲಿದ್ದ ಗೋಡೆ, ಬಟ್ಟೆಗಳನ್ನು ತೋರಿಸಿ ಪ್ರಶ್ನಿಸಿದರು. ನೂರ್‌ಳ ತಂಗಿಯನ್ನೂ ಕೂರಿಸಿಕೊಂಡು ವಿಚಾರಿಸಿ, ಬಿಟ್ಟು ಕಳಿಸಿದರು. ಆಗ ಅವಳ ಕಾಲಲ್ಲಿ ಅದೇ ಶೂ ಇತ್ತಂತೆ.

ಅಪರಿಚಿತವಾದದ್ದನ್ನು ಯಾರಾದರೂ ಗಮನಿಸುತ್ತಾರೆ. ತೀರ ಪರಿಚಿತವಾದದ್ದರ ಮುಂದೆ ಇನ್ನೊಮ್ಮೆ ನಿಲ್ಲಬೇಕು ಎಂಬುದನ್ನು ನಾನು ಈ ಕೆಲಸದಲ್ಲಿ ಕಲಿತೆ.

ಆ ಪಾದರಕ್ಷೆಗಳ ಸಾಲನ್ನು ವಿಡಿಯೋದಲ್ಲಿ ಕಂಡವರು ನಾವು ಮೂವರೇ: ನಾನು, ನೂರ್, ಅದನ್ನು ಚಿತ್ರಿಸಿದ ಯುವಕ. ಅವನು ಬೇರೊಂದು ಪ್ರಕರಣದಲ್ಲಿ ಸಿಕ್ಕಿ, ಮರುವರ್ಷ ಜೈಲಿನಲ್ಲಿ ತೀರಿಕೊಂಡ. ನೂರ್ ಇದ್ದಾಳೆ. ಅವಳ ತಂಗಿಯೂ ಇದ್ದಾಳೆ.